ವರ್ಷ ತುಂಬಿತು, ಇನ್ನೂ ನಡೆಯುತ್ತಿಲ್ಲ: ಒಬ್ಬ ತಾಯಿಯ ಪ್ರಶ್ನೆಗೆ ಮಕ್ಕಳ ವೈದ್ಯೆಯ ಉತ್ತರ

ಪ್ರಶ್ನೆ: ಊರು ತುಮಕೂರು ಕಡೆ, ಕೆಲಸ ಬೆಂಗಳೂರಿನಲ್ಲಿ. ಮೊದಲ ಮಗು. ಮಗಳಿಗೆ ಮುಂದಿನ ವಾರ ವರ್ಷ ತುಂಬುತ್ತದೆ. ಹುಟ್ಟಿದಾಗ 2.7 ಕೆ.ಜಿ. ಇದ್ದಳು, ಈಗ 8.2. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೇ ನಡೆಯಿತು. ಇವಳು ಸೋಫಾ ಹಿಡಿದು ನಿಲ್ಲುತ್ತಾಳೆ, ಹಿಡಿದುಕೊಂಡೇ ಪಕ್ಕಕ್ಕೆ ಸರಿಯುತ್ತಾಳೆ, ಕೈ ಬಿಟ್ಟರೆ ಕೂತುಬಿಡುತ್ತಾಳೆ. ಈಚೆಗೆ ಊಟವೂ ಕಡಿಮೆ. ಸಿಸೇರಿಯನ್ ಆಗಿದ್ದರಿಂದ ಮೊದಲ ಮೂರು ದಿನ ನನಗೆ ಹಾಲು ಬರಲಿಲ್ಲ, ಡಬ್ಬಿ ಹಾಲು ಕೊಟ್ಟರು. ಆಮೇಲೆ ನಾನೇ ಕುಡಿಸಿದೆ. ಆರು ತಿಂಗಳಿಗೆ ಕೆಲಸಕ್ಕೆ ಮರಳಿದೆ, ಈಗ ಅತ್ತೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ನಾನು ಹೊರಟರೆ ಕಿರುಚಿ ಅಳುತ್ತಾಳೆ. ರಾತ್ರಿ ಇನ್ನೂ ಎರಡು ಮೂರು ಸಲ ಏಳುತ್ತಾಳೆ. ಹಿಂತಿರುಗಿ ನೋಡಿದರೆ ಈ ವರ್ಷ ಹೇಗೆ ಕಳೆಯಿತೋ ನೆನಪೇ ಇಲ್ಲ. ಫೋನಿನ ತುಂಬ ಅವಳ ಫೋಟೋ ಇವೆ, ಆದರೆ ಆ ದಿನ ಏನಾಗಿತ್ತು ಅಂತ ಹೊಳೆಯಲ್ಲ. ಸುಮ್ನೆ ಕೂತಾಗ ಅಳು ಬರುತ್ತದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನೇ ಎಲ್ಲೋ ತಪ್ಪಿದೆನಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ನೀವು ತಪ್ಪಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ. ನೀವೇ ಬರೆದಿರುವುದನ್ನು ಓದಿ ಹೇಳುತ್ತಿದ್ದೇನೆ.

ಹುಟ್ಟಿದಾಗಿನ ತೂಕ ಐದು ತಿಂಗಳ ಹೊತ್ತಿಗೆ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು. ಇದು ಮಕ್ಕಳ ವೈದ್ಯರ ಹಳೇ ಲೆಕ್ಕ. 2.7ರ ಮೂರು ಪಟ್ಟು 8.1. ನಿಮ್ಮ ಮಗಳು 8.2. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಯಲ್ಲಿ ವರ್ಷದ ಹೆಣ್ಣುಮಗುವಿನ ಸರಾಸರಿ ತೂಕ 8.9 ಕೆ.ಜಿ. ಅದು 7ಕ್ಕಿಂತ ಕೆಳಗಿಳಿದರೆ ಮಾತ್ರ ನಾವು ಕಡಿಮೆ ತೂಕ ಅನ್ನುವುದು. ಆ ಪಟ್ಟಿ ಮಾಡುವಾಗ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು, ಅವರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಹಾಗಾಗಿ ‘ಅದು ಫಾರಿನ್ ಮಕ್ಕಳ ಲೆಕ್ಕ, ನಮ್ಮವರಿಗೆ ಆಗಲ್ಲ’ ಅನ್ನುವ ಮಾತನ್ನು ನಂಬಬೇಡಿ. ಇನ್ನೊಂದು ವಿಷಯ. ಒಂದು ದಿನದ ತೂಕದಿಂದ ಏನೂ ಗೊತ್ತಾಗುವುದಿಲ್ಲ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಚಾರ್ಟ್ ಇದೆಯಲ್ಲ, ಲಸಿಕೆಗೆ ಹೋದಾಗಲೆಲ್ಲ ತೂಗಿದ ತೂಕವನ್ನು ಅದರಲ್ಲಿ ಗುರುತು ಮಾಡಿ ಗೆರೆ ಎಳೆಯಿರಿ. ಗೆರೆ ತನ್ನ ಪಾಡಿಗೆ ಮೇಲಕ್ಕೆ ಹೋಗುತ್ತಿದ್ದರೆ ಮಗು ಸಣ್ಣದಾಗಿ ಕಂಡರೂ ಚಿಂತೆಯಿಲ್ಲ.

ನಡಿಗೆಯದ್ದೂ ಇದೇ ಕಥೆ. ಆರೋಗ್ಯವಾಗಿರುವ ಮಕ್ಕಳಲ್ಲಿ ಕೆಲವರು ಎಂಟು ತಿಂಗಳು ದಾಟುತ್ತಲೇ ಹೆಜ್ಜೆ ಹಾಕುತ್ತಾರೆ, ಕೆಲವರು ಹದಿನೇಳೂವರೆ ತಿಂಗಳವರೆಗೆ ಕಾಯುತ್ತಾರೆ. ಅದೇ ಸಂಸ್ಥೆಯ ಅಧ್ಯಯನದಲ್ಲಿ ಸಿಕ್ಕ ಅಂತರ ಇಷ್ಟು ದೊಡ್ಡದು. ಅಂಬೆಗಾಲನ್ನೇ ಇಡದೆ ಸೀದಾ ಎದ್ದು ನಡೆದ ಮಕ್ಕಳೂ ಅದರಲ್ಲಿದ್ದರು, ನೂರಕ್ಕೆ ನಾಲ್ಕರಷ್ಟು. ಸೋಫಾ ಹಿಡಿದು ಪಕ್ಕಕ್ಕೆ ಸರಿಯುವುದು ನಡಿಗೆಗೆ ಮುಂಚಿನ ಹಂತ. ನಿಮ್ಮ ಮಗಳು ಇರಬೇಕಾದ ಜಾಗದಲ್ಲೇ ಇದ್ದಾಳೆ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಕರೆದುಕೊಂಡು ಬನ್ನಿ. ಈಗಲೇ ಒಂದು ಕಾಲು ಎಳೆದಂತೆ ಕಂಡರೆ, ಅಥವಾ ಯಾವಾಗಲೂ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ, ಅಷ್ಟು ದಿನ ಕಾಯಬೇಡಿ. ಈ ವಯಸ್ಸಿಗೇ ‘ಎಡಗೈ ಮಗು’ ಅಂತ ಗೊತ್ತಾಗಬಾರದು.

ವಾಕರ್ ತಂದುಕೊಡಬೇಡಿ. ಮಧ್ಯದಲ್ಲಿ ಕೂರಿಸಿ, ಚಕ್ರದ ಮೇಲೆ ಓಡಾಡಿಸುವ ಆ ಪ್ಲಾಸ್ಟಿಕ್ ಚೌಕಟ್ಟು ನಡಿಗೆ ಕಲಿಸುವುದಿಲ್ಲ, ತಡ ಮಾಡುತ್ತದೆ. ಮೆಟ್ಟಿಲಿನಿಂದ ಉರುಳುವ ಅಪಾಯ ಬೇರೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ನಮ್ಮಲ್ಲಿ ಇನ್ನೂ ನಾಮಕರಣದ ಉಡುಗೊರೆಯಾಗಿ ಬರುತ್ತದೆ. ನಿಂತು ತಳ್ಳಿಕೊಂಡು ಹೋಗುವ ಮರದ ಗಾಡಿ ಆದರೆ ಪರವಾಗಿಲ್ಲ. ಅದಕ್ಕಿಂತ ಬರಿಗಾಲಲ್ಲಿ ನೆಲದ ಮೇಲೆ ಬಿಡುವುದು ಒಳ್ಳೆಯದು.

ವರ್ಷದ ಮಗುವನ್ನು ಕಂಡವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ: ತೂಕ ಎಷ್ಟು, ನಡೆಯುತ್ತಾ? ನಾನು ನೋಡುವುದು ಬೇರೆ. ಮಗುವಿನ ಬೆರಳು, ಮಗುವಿನ ರಕ್ತ, ಮತ್ತು ಮಗುವನ್ನು ಎತ್ತಿಕೊಂಡು ಬಂದ ಅಮ್ಮ.

ಬೆರಳು ಅಂದರೆ ಇದು. ವರ್ಷದ ಮಗು ಅಮ್ಮನ ತೊಡೆಯ ಮೇಲೆ ಕೂತಿರುತ್ತದೆ. ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಮಗು ತಲೆ ಎತ್ತಿ ನೋಡುತ್ತದೆ, ಕೈ ಚಾಚಿ ತೋರುಬೆರಳು ಮಾಡುತ್ತದೆ, ‘ಆಂ’ ಅನ್ನುತ್ತದೆ. ಆಮೇಲೆ ತಿರುಗಿ ಅಮ್ಮನ ಮುಖ ನೋಡುತ್ತದೆ. ‘ನೀನೂ ನೋಡಿದೆಯಾ?’ ಅಂತ ಕೇಳುವ ಹಾಗೆ. ಹಾಗೆ ಒಮ್ಮೆ ತಿರುಗಿ ನೋಡುವುದಕ್ಕಾಗಿ ನಾನು ಕಾಯುತ್ತೇನೆ. ಅದು ಫ್ಯಾನ್ ಬೇಕು ಅಂತ ಕೇಳುತ್ತಿಲ್ಲ. ತಾನು ಕಂಡದ್ದನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುತ್ತಿದೆ. ಮಾತು ಹುಟ್ಟುವುದು ಇಲ್ಲಿಂದ. ಇದು ಬಂದ ಮಗುವಿಗೆ ‘ತಾತ’, ‘ಅಜ್ಜಿ’ ಎರಡು ತಿಂಗಳು ತಡವಾಗಿ ಬಂದರೂ ನನಗೆ ಭಯವಿಲ್ಲ.

ಹಾಗಾಗಿ ಈ ವಾರ ನೀವು ಗಮನಿಸಬೇಕಾದದ್ದು ಹೆಜ್ಜೆಯನ್ನಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಾಳಾ? ಟಾಟಾ ಮಾಡುತ್ತಾಳಾ? ‘ಬಬಬ’, ‘ದದದ’ ಅಂತ ಏನಾದರೂ ಗುನುಗುತ್ತಾಳಾ? ಬಟ್ಟೆಯಿಂದ ಮುಖ ಮುಚ್ಚಿ ತೆಗೆದರೆ ನಗುತ್ತಾಳಾ? ತೋರುಬೆರಳು ಕೆಲವರಲ್ಲಿ ವರ್ಷ ಕಳೆದು ಒಂದೆರಡು ತಿಂಗಳಿಗೆ ಬರುತ್ತದೆ, ಅದಕ್ಕೆ ಕಾಯಬಹುದು. ಆದರೆ ಕೈಸನ್ನೆ ಒಂದೂ ಇಲ್ಲ, ಗುನುಗುವುದೂ ಇಲ್ಲ, ಹೆಸರಿಗೆ ತಿರುಗುವುದೂ ಇಲ್ಲ ಅಂದರೆ ‘ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ’ ಅಂತ ಸುಮ್ಮನಿರಬಾರದು. ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಮುಂಚೆ ಮಾಡುತ್ತಿದ್ದದ್ದನ್ನು ಮಗು ಬಿಟ್ಟುಬಿಟ್ಟರೆ, ಯಾವ ವಯಸ್ಸಿನಲ್ಲಾದರೂ ಸರಿ, ತಡ ಮಾಡದೆ ವೈದ್ಯರಿಗೆ ತೋರಿಸಬೇಕು.

ಇನ್ನು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಇದೆ. ಬಡವರ ಮನೆಯ ಸಮಸ್ಯೆ ಇದು ಅಂದುಕೊಳ್ಳಬೇಡಿ. ಹೊಟ್ಟೆಯಲ್ಲಿದ್ದಾಗ ಅಮ್ಮನಿಂದ ಪಡೆದ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಆಮೇಲೆ ಊಟದಿಂದಲೇ ಬರಬೇಕು. ನಾವೋ, ಮಗು ಊಟ ಬಿಟ್ಟಿತು ಅಂತ ಹಾಲು ಜಾಸ್ತಿ ಮಾಡುತ್ತೇವೆ. ಹಾಲಿನಿಂದ ಹೊಟ್ಟೆ ತುಂಬುತ್ತದೆ, ಊಟ ಇನ್ನೂ ಕಡಿಮೆಯಾಗುತ್ತದೆ. ದುಂಡಗೆ, ಬಿಳಿಚಿಕೊಂಡು, ಸಿಡಿಮಿಡಿ ಮಾಡುವ ಮಗು. ‘ಹಾಲು ಕುಡಿದು ಎಷ್ಟು ಬೆಳ್ಳಗಾಗಿದೆ ನೋಡಿ’ ಅಂತ ಅಜ್ಜಿ ಖುಷಿಯಾಗಿರುತ್ತಾರೆ. ಇದು ನಾನು ತೀರಾ ಹೆಚ್ಚಾಗಿ ಕಾಣುವ ಚಿತ್ರ. ವರ್ಷ ತುಂಬುವವರೆಗೆ ಕುಡಿಯಲು ಹಸುವಿನ ಹಾಲು ಬೇಡ. ತುಂಬಿದ ಮೇಲೂ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಎದೆಹಾಲು ಎರಡು ವರ್ಷದವರೆಗೂ ಇರಲಿ.

ಆರು ತಿಂಗಳು ದಾಟಿದ ಮಕ್ಕಳಿಗೆ ಸರ್ಕಾರವೇ ಕಬ್ಬಿಣದ ಸಿರಪ್ ಕೊಡುತ್ತದೆ, ವಾರಕ್ಕೆ ಎರಡು ಸಲ, ಸಲಕ್ಕೆ 1 ಮಿ.ಲೀ. ಆಶಾ ಕಾರ್ಯಕರ್ತೆಯನ್ನು ಕೇಳಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರಿಗೆ ಇದು ಗೊತ್ತೇ ಇರುವುದಿಲ್ಲ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಹಾಲಿನ ಜೊತೆ ಕೊಡಬೇಡಿ.

ಊಟ ಕಡಿಮೆಯಾಗಿದೆ ಅಂದಿರಿ. ಆಗಲೇಬೇಕು. ಮೊದಲ ವರ್ಷ ಅವಳು ಐದೂವರೆ ಕೆ.ಜಿ. ಏರಿದಳು. ಎರಡನೇ ವರ್ಷ ಪೂರ್ತಿ ಸೇರಿ ಏರುವುದು ಎರಡು, ಎರಡೂವರೆ ಕೆ.ಜಿ. ಅಷ್ಟೇ. ಬೆಳವಣಿಗೆಯ ವೇಗ ಅರ್ಧಕ್ಕಿಂತ ಕಡಿಮೆಯಾದಾಗ ಹಸಿವು ಅದೇ ಇರುತ್ತದಾ? ಬಟ್ಟಲು ಹಿಡಿದು ಹಿಂದೆ ಓಡುವುದು, ಫೋನಿನಲ್ಲಿ ಹಾಡು ಹಾಕಿ ಬಾಯಿ ತೆಗೆದಾಗ ತುರುಕುವುದು, ಇವೆರಡನ್ನೂ ನಿಲ್ಲಿಸಿ. ಏನು ಕೊಡಬೇಕು, ಎಷ್ಟೊತ್ತಿಗೆ ಕೊಡಬೇಕು ಅನ್ನುವುದು ನಿಮ್ಮದು. ಎಷ್ಟು ತಿನ್ನಬೇಕು ಅನ್ನುವುದು ಅವಳದ್ದು.

ತುಮಕೂರು ಕಡೆಯವರು ಅಂದಿರಿ, ರಾಗಿ ಸರಿ ಖಂಡಿತ ಆಗಿರುತ್ತದೆ. ಅದರ ಬಗ್ಗೆ ನನಗೆ ಬಹಳ ಗೌರವ. ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿ, ತೆಳು ಪಂಚೆಯಲ್ಲಿ ಸೋಸಿ ಮಾಡುವ ಹಿಟ್ಟು. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟ ಒಡೆಯುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಗಂಜಿ ಗಟ್ಟಿಯಾಗುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು, ಸಣ್ಣ ಹೊಟ್ಟೆಗೆ ಒಂದೊಂದು ಚಮಚದಲ್ಲೂ ಹೆಚ್ಚು ಶಕ್ತಿ ಹೋಗುತ್ತದೆ. ಕಬ್ಬಿಣ ಮೈಗೆ ಹತ್ತದ ಹಾಗೆ ಹಿಡಿದಿಡುವ ಅಂಶವೂ ಮೊಳಕೆಯಲ್ಲಿ ತಗ್ಗುತ್ತದೆ. ಸುಣ್ಣದಂಶವಂತೂ ನೂರು ಗ್ರಾಂ ರಾಗಿಗೆ 350 ಮಿಲಿಗ್ರಾಂ ಆಸುಪಾಸು, ಬೇರೆ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ಬಣ್ಣದ ಡಬ್ಬಿಯಲ್ಲಿ ಬರುವ ಪುಡಿಗಳಿಗೆ ದುಡ್ಡು ಸುರಿಯುವ ಮುಂಚೆ ಅತ್ತೆಯ ಹಿಟ್ಟನ್ನು ನಂಬಿ.

ಆದರೆ ವರ್ಷದ ಮಗುವಿಗೆ ಬರೀ ನುಣ್ಣನೆಯ ಸರಿಯೇ ಆಗಬಾರದು. ಎಂಟೊಂಬತ್ತು ತಿಂಗಳಿಗೇ ಗಟ್ಟಿ, ತರಿತರಿ ಊಟ ಶುರುವಾಗಬೇಕು. ಅಗಿಯುವುದನ್ನು ಕಲಿಯದ ಮಕ್ಕಳು ಮುಂದೆ ಎಲ್ಲಕ್ಕೂ ಓಕರಿಸುತ್ತಾರೆ. ಸಾರಿನಲ್ಲಿ ಅದ್ದಿದ ಮೆತ್ತನೆ ಮುದ್ದೆಯ ಚೂರು, ಬೇಳೆ ಕಿವುಚಿದ ಅನ್ನ, ಇಡ್ಲಿ, ಸೊಪ್ಪಿನ ಹುಳಿ, ಮೇಲೆ ಚಮಚ ತುಪ್ಪ, ಎರಡು ಹನಿ ನಿಂಬೆರಸ. ತಿನ್ನುವವರಾದರೆ ಮೊಟ್ಟೆ, ಚಿಕನ್ ಲಿವರ್. ತಟ್ಟೆಗೆ ಅವಳೇ ಕೈ ಹಾಕಲಿ. ಅರ್ಧ ನೆಲಕ್ಕೆ ಬೀಳುತ್ತದೆ, ಬೀಳಲಿ.

ಡಬ್ಬಿ ಹಾಲಿನ ವಿಷಯ ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ, ಯಾಕೆಂದರೆ ಅದು ಅಷ್ಟಕ್ಕೇ ಯೋಗ್ಯ. ಹೆರಿಗೆಯಾದ ಎರಡರಿಂದ ನಾಲ್ಕು ದಿನಕ್ಕೆ ಹಾಲು ತುಂಬಿಕೊಳ್ಳುತ್ತದೆ, ಸಿಸೇರಿಯನ್ ಆದವರಿಗೆ ಸ್ವಲ್ಪ ತಡ. ಅಲ್ಲಿಯವರೆಗೆ ಬರುವುದು ಕೆಲವೇ ಚಮಚ ಹಳದಿ ಹಾಲು, ಸಾಮಾನ್ಯವಾಗಿ ಮಗುವಿಗೆ ಅಷ್ಟು ಸಾಕು. ನಿಮಗೆ ಇದನ್ನು ಯಾರಾದರೂ ಮುಂಚೆಯೇ ಹೇಳಿ, ಪಕ್ಕದಲ್ಲಿ ಕೂತು ಸಹಾಯ ಮಾಡಬೇಕಿತ್ತು. ಅದು ಆಗಲಿಲ್ಲ. ಆಮೇಲೆ ನೀವೇ ಹಾಲು ಕುಡಿಸಿ ಬೆಳೆಸಿದಿರಿ. ಮೂರು ದಿನದ ಡಬ್ಬಿ ಹಾಲಿನ ಲೆಕ್ಕವನ್ನು ವರ್ಷಗಟ್ಟಲೆ ತಲೆಯಲ್ಲಿ ಇಟ್ಟುಕೊಳ್ಳಬೇಡಿ.

ಬೆಳಿಗ್ಗೆಯ ಅಳು ಒಳ್ಳೆಯ ಸುದ್ದಿ ಅಂದರೆ ಬೇಜಾರಾಗಬೇಡಿ. ಎಂಟು ತಿಂಗಳ ಆಸುಪಾಸಿಗೆ ಮಗುವಿಗೆ ಒಂದು ಹೊಸ ವಿಷಯ ಅರ್ಥವಾಗುತ್ತದೆ: ಕಣ್ಣಿಗೆ ಕಾಣದಿದ್ದರೂ ಅಮ್ಮ ಎಲ್ಲೋ ಇದ್ದಾಳೆ. ಮುಂಚೆ ಬಾಗಿಲಾಚೆ ಹೋದ ಅಮ್ಮ ಲೆಕ್ಕಕ್ಕೇ ಇರಲಿಲ್ಲ, ಈಗ ಇದ್ದಾಳೆ. ಆದರೆ ಸಂಜೆಗೆ ಬರುತ್ತಾಳೆ ಅನ್ನುವುದು ಇನ್ನೂ ಗೊತ್ತಿಲ್ಲ. ಅದಕ್ಕೇ ಅಳು. ಒಂದೂವರೆ ವರ್ಷದವರೆಗೂ ಇದು ಜೋರಾಗಿಯೇ ಇರುತ್ತದೆ. ‘ಕಣ್ಣು ತಪ್ಪಿಸಿ ಹೋಗಿಬಿಡು’ ಅಂತ ಹಿರಿಯರು ಹೇಳುತ್ತಾರೆ. ಹಾಗೆ ಮಾಡಬೇಡಿ. ನೀವು ಯಾವಾಗ ಮಾಯವಾಗುತ್ತೀರೋ ಅಂತ ದಿನವಿಡೀ ಸೆರಗು ಬಿಡುವುದಿಲ್ಲ. ಎದುರಿಗೇ ನಿಂತು ಟಾಟಾ ಮಾಡಿ, ಮುತ್ತು ಕೊಟ್ಟು, ಹೊರಡಿ. ವಾಪಸ್ ಬಂದು ಮತ್ತೆ ಎತ್ತಿಕೊಳ್ಳಬೇಡಿ. ನೀವು ಲಿಫ್ಟ್ ಇಳಿಯುವಷ್ಟರಲ್ಲಿ ಅವಳು ಅಜ್ಜಿಯ ಸೊಂಟದ ಮೇಲೆ ಕೂತು ಕಾಗೆ ನೋಡುತ್ತಿರುತ್ತಾಳೆ, ಅತ್ತೆಯನ್ನು ಕೇಳಿ ನೋಡಿ. ಅತ್ತೆಗೆ ಕಷ್ಟವಾಗುವ ದಿನ ಬಂದರೆ ಇದು ನೆನಪಿರಲಿ: ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಲೇಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು ಅಂತ ಕಾನೂನೇ ಹೇಳುತ್ತದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಮಾಡಿ ತಂದ ನಿಯಮ ಇದು. ಕೇಳುವುದು ನಿಮ್ಮ ಹಕ್ಕು.

ಈಗ ಅಮ್ಮ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ತೂಕವೂ ಅಲ್ಲ, ನಡಿಗೆಯೂ ಅಲ್ಲ. ‘ನೆನಪೇ ಇಲ್ಲ’, ‘ಸುಮ್ನೆ ಕೂತಾಗ ಅಳು ಬರುತ್ತದೆ’ ಅನ್ನುವ ಎರಡು ಮಾತು.

ನೆನಪಿಲ್ಲದಿರುವುದಕ್ಕೆ ಕಾರಣ ಪ್ರೀತಿ ಕಡಿಮೆಯಾಗಿದ್ದಲ್ಲ. ದಿನದಲ್ಲಿ ನಡೆದದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲಿ. ನಿಮ್ಮ ನಿದ್ದೆ ಒಂದು ವರ್ಷದಿಂದ ತುಂಡು ತುಂಡು. ಶಾಯಿ ಆರುವ ಮುಂಚೆಯೇ ಪುಟ ಮುಚ್ಚಿದ ಹಾಗೆ, ಬರೆದದ್ದೆಲ್ಲ ಕಲಸಿಹೋಗಿದೆ. ಜೊತೆಗೆ ದೇಹದ ಕಾರಣಗಳೂ ಇರಬಹುದು. ಹೆರಿಗೆಯ ನಂತರದ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ. ಸುಸ್ತು, ಕೂದಲು ಉದುರುವುದು, ಮಂಕು, ಮರೆವು ಎಲ್ಲ ಅದರಿಂದ ಬರಬಹುದು. ಹಿಮೋಗ್ಲೋಬಿನ್ ಕಡಿಮೆಯಿದ್ದರೂ ಹಾಗೇ. ಮಗುವಿಗೆ ಹನಿ ಹನಿ ಲೆಕ್ಕ ಹಾಕಿ ಔಷಧಿ ಕೊಡುವ ತಾಯಂದಿರು ತಮ್ಮ ಕಬ್ಬಿಣದ ಮಾತ್ರೆಯನ್ನು ಯಾವಾಗ ನಿಲ್ಲಿಸಿದರು ಅಂತಲೇ ಹೇಳಲಾರರು. ಈ ವಾರವೇ ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ.

ಅಳುವಿನ ಬಗ್ಗೆ ಇನ್ನೂ ನೇರವಾಗಿ ಹೇಳುತ್ತೇನೆ. ಬಾಣಂತಿಯರ ಖಿನ್ನತೆ ಮೊದಲ ತಿಂಗಳಲ್ಲೇ ಬರಬೇಕೆಂದಿಲ್ಲ, ವರ್ಷದೊಳಗೆ ಯಾವಾಗ ಬೇಕಾದರೂ ಬರಬಹುದು. ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಐವರು ತಾಯಂದಿರಲ್ಲಿ ಒಬ್ಬರಿಗೆ ಇದು ಕಂಡುಬಂದಿದೆ. ನಮ್ಮ ಬಾಣಂತನದ ಪದ್ಧತಿಯಲ್ಲಿ ಒಳ್ಳೆಯದು ಬಹಳ ಇದೆ. ನೀರು ಕಡಿಮೆ ಕುಡಿಸುವುದು, ಕೋಣೆಗೆ ಹೊಗೆ ಹಾಕುವುದು, ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚುವುದು ಬಿಟ್ಟರೆ ನಾನು ಅದರ ಪರ. ಮೂರು ತಿಂಗಳು ಹೆಣ್ಣು ನೆಲಕ್ಕೆ ಕಾಲಿಡದ ಹಾಗೆ ನೋಡಿಕೊಳ್ಳುತ್ತಾರೆ, ಎಣ್ಣೆ ನೀರು ಹಾಕುತ್ತಾರೆ, ಬಿಸಿ ಊಟ ಕೈಗೆ ಬರುತ್ತದೆ. ಆಮೇಲೆ ಒಂದು ದಿನ ಮಡಿಲು ತುಂಬಿ ಗಂಡನ ಮನೆಗೆ ಕಳಿಸುತ್ತಾರೆ. ಅಲ್ಲಿಗೆ ಬಾಣಂತನ ಮುಗಿಯಿತು. ನಿಜವಾದ ಕಷ್ಟ ಅವತ್ತು ಶುರು. ರಾತ್ರಿ ಏಳುವುದು ಹಾಗೇ ಇದೆ, ಅಡುಗೆ ಬಂತು, ಆಫೀಸು ಬಂತು. ಆದರೆ ‘ಇನ್ನೂ ಬಾಣಂತಿಯಾ?’ ಅನ್ನುತ್ತದೆ ಲೋಕ.

ಎಡಿನ್‌ಬರ್ಗ್ ಸ್ಕೇಲ್ ಅಂತ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ನಗು ಬಂತಾ, ನಿದ್ದೆ ಬಂತಾ, ಕಾರಣವಿಲ್ಲದೆ ನಿಮ್ಮನ್ನೇ ದೂರಿಕೊಂಡಿರಾ, ಇಂಥ ಪ್ರಶ್ನೆಗಳು. ಐದು ನಿಮಿಷದ ಕೆಲಸ. ನಿಮ್ಮ ಹೆರಿಗೆ ವೈದ್ಯರನ್ನೋ ಮಗುವಿನ ವೈದ್ಯರನ್ನೋ ಕೇಳಿ ಮಾಡಿಸಿ. ಅಂಕ ಹೆಚ್ಚು ಬಂದರೆ ಚಿಕಿತ್ಸೆ ಇದೆ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗವಿದೆ. ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಒಂದು ಕ್ಷಣ ಬಂದರೂ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವತ್ತೇ ಮನೆಯವರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ.

ನಿಮ್ಮ ಪತ್ರದಲ್ಲಿ ಅತ್ತೆ ಇದ್ದಾರೆ, ಪಕ್ಕದ ಮನೆಯವರಿದ್ದಾರೆ, ‘ಒಬ್ಬೊಬ್ಬರು’ ಇದ್ದಾರೆ. ಮಗುವಿನ ಅಪ್ಪ ಇಲ್ಲ. ಬರೆಯಲು ಮರೆತಿರಬಹುದು. ಆದರೂ ಅವರಿಗೊಂದು ಕೆಲಸ ಹೇಳುತ್ತೇನೆ. ವಾರದಲ್ಲಿ ಮೂರು ರಾತ್ರಿ, ಹತ್ತರಿಂದ ಮೂರರವರೆಗೆ, ಮಗು ಎದ್ದರೆ ಎತ್ತಿಕೊಳ್ಳುವುದು ಅವರು. ನೀವು ಬೇರೆ ಕೋಣೆಯಲ್ಲಿ, ಇಲ್ಲವೇ ಹಾಲ್‌ನಲ್ಲಿ, ಬಾಗಿಲು ಹಾಕಿಕೊಂಡು ಮಲಗಿ. ವರ್ಷದ ಮಗು ಆ ಐದು ಗಂಟೆ ಹಾಲಿಲ್ಲದೆ ಇರಬಲ್ಲದು. ಮೊದಲ ಎರಡು ರಾತ್ರಿ ಗಲಾಟೆ ಮಾಡುತ್ತಾಳೆ, ಅಪ್ಪನೂ ಕಲಿಯುತ್ತಾರೆ. ಬೇರೆ ಯಾವ ಟಾನಿಕ್‌ಗಿಂತ ಒಟ್ಟಿಗೆ ಸಿಗುವ ಐದು ಗಂಟೆಯ ನಿದ್ದೆ ನಿಮಗೆ ಈಗ ಬೇಕಾಗಿರುವುದು.

ನೀವು ಕೇಳಿಲ್ಲ, ಆದರೂ ಹುಟ್ಟುಹಬ್ಬ ಹತ್ತಿರವಿರುವುದರಿಂದ ಹೇಳಿಬಿಡುತ್ತೇನೆ. ಕೇಕಿನ ಒಂದು ಚೂರು ಬಾಯಿಗಿಟ್ಟರೆ ಏನೂ ಆಗುವುದಿಲ್ಲ. ಜೇನುತುಪ್ಪ ವರ್ಷದೊಳಗೆ ಬೇಡ, ಬಾಟುಲಿಸಂ ಅನ್ನುವ ವಿಷಬಾಧೆಯ ಅಪಾಯವಿದೆ. ವರ್ಷ ತುಂಬಿದ ಮೇಲೆ ನೆಕ್ಕಿಸಬಹುದು. ಶೇಂಗಾ, ಇಡೀ ದ್ರಾಕ್ಷಿ, ಚಿಪ್ಸ್ ಮಕ್ಕಳ ಕೈಗೆ ಸಿಗದಿರಲಿ. ನನಗೆ ಎಲ್ಲಕ್ಕಿಂತ ಭಯ ಬಲೂನಿನದು. ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿಕೊಂಡರೆ ತೆಗೆಯುವುದು ಬಹಳ ಕಷ್ಟ. ಅಲಂಕಾರಕ್ಕೆ ಮೇಲೆ ಕಟ್ಟಿ, ಒಡೆದದ್ದನ್ನು ಆಗಲೇ ಹೆಕ್ಕಿಬಿಡಿ. ಮುಂದಿನ ಸರ್ಕಾರಿ ಲಸಿಕೆ ಹದಿನಾರು ತಿಂಗಳಿಗೆ, ದಡಾರ–ರುಬೆಲ್ಲಾ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್. ಒಂಬತ್ತು ತಿಂಗಳದ್ದು ಆಗಿದೆಯಾ ಅಂತ ಕಾರ್ಡ್ ತೆಗೆದು ಇವತ್ತೇ ನೋಡಿಕೊಳ್ಳಿ.